ಕಣ್ಣು ಬರೆಯುವ ಹೊತ್ತು

ನನಗಾಗ ಒಂಬತ್ತು.
ಮಾತಲೆಯಿಂದಾಚೆ, ಬಂಡೆ ಕೊರೆದ ವಿಹಾರ.
ಬುದ್ಧನಿಗೆ ಕಿವಿಯಿತ್ತು, ತುಟಿಯಿತ್ತು,
ಚೀವರದ ನೆರಿಗೆಯಿತ್ತು,
ಕಣ್ಣಿನ ಜಾಗದಲ್ಲಿ ಬರೀ ಸುಣ್ಣ.
ಶಿಷ್ಯ ಚಿಕುನ್‌ಗುನ್ಯ ಬಂದು ಮಲಗಿದ್ದ.
"ನೀನೇ ಬಾ, ಕನ್ನಡಿ ಹಿಡಿ" ಅಂದ ಅಜ್ಜ,
ಸಿತ್ತರ ಪುಂಚಿ ನೈದೆ,
ಮೂರು ದಿನದಿಂದ ಉಪ್ಪು ಬಿಟ್ಟವನು.

ಬೆಳಗಿನ ಐದು. ಬಾಗಿಲು ಹಾಕಿದರು.
ಹೊರಗೆ ಭಿಕ್ಷುಗಳ ಪಿರಿತ್,
ಒಳಗೆ ಬಾವಲಿಯ ವಾಸನೆ, ತೆಂಗಿನೆಣ್ಣೆಯ ದೀಪ.
ಅಜ್ಜ ಬುದ್ಧನಿಗೆ ಬೆನ್ನು ಮಾಡಿ ಏಣಿ ಹತ್ತಿದ.
ಕುಂಚವನ್ನು ಹೆಗಲ ಮೇಲಿಂದ ಹಿಂದಕ್ಕೆ ಚಾಚಿ
ನನ್ನ ಕನ್ನಡಿಯೊಳಗೆ ನೋಡಿ ನೋಡಿ
ಎಡಗಣ್ಣು ಬರೆದ.
ಉಸಿರು ಬಿಟ್ಟ.
ಬಲಗಣ್ಣು ಬರೆದ.
ಮಾಡಿದವನು ಮಾಡಿದ್ದರ ಎದುರು ನಿಲ್ಲಬಾರದು,
ಮೊದಲ ನೋಟ ಬೆಂಕಿ.
ನನಗೆ ಹೇಳಿದ್ದು ಇಷ್ಟೇ:
ಕನ್ನಡಿಯ ಬೆನ್ನು ನೋಡುತ್ತಿರು,
ಗೆದ್ದಲು ತಿಂದ ಆ ಮೂಲೆ.

ಅವನ ಕಣ್ಣಿಗೆ ಬಿಳಿ ಬಟ್ಟೆ ಕಟ್ಟಿ
ಕೈಹಿಡಿದು ಅಂಗಳಕ್ಕೆ ಇಳಿಸಿದರು.
ಬಿಚ್ಚಿದಾಗ ಎದುರಿಗೆ ನೀರು ತುಂಬಿದ ಮಡಕೆ.
ಕಣ್ಣಲ್ಲಿ ಉಳಿದದ್ದನ್ನೆಲ್ಲ ಅದಕ್ಕೆ ಸುರಿದು
ಒಂದೇ ಏಟಿಗೆ ಒಡೆದ.
ಆಮೇಲೆ ಹಲಸಿನ ಮರಕ್ಕೆ ಕತ್ತಿ ಬೀಸಿದ,
ಹಾಲು ಸೋರಿತು.
ಆಮೇಲೆ ಚಹಾ ಕುಡಿದ, ಎರಡು ಲೋಟ.

ನನ್ನ ಕಣ್ಣು ಕಟ್ಟಲು ಯಾರಿಗೂ ನೆನಪಾಗಲಿಲ್ಲ.
ನಾನು ಕನ್ನಡಿಯ ಮೇಲಿಂದ ಇಣುಕಿದ್ದೆ.
ಏನೂ ಆಗಲಿಲ್ಲ.
ಅಥವಾ ಆಗಿದ್ದು ಇದೇ ಇರಬಹುದು:

ಕೊಲಂಬೊ, ಬೊರೆಲ್ಲ, ನಾಲ್ಕನೇ ಮಹಡಿ, ರಾತ್ರಿ ಪಾಳಿ.
ಪರದೆಯ ಮೇಲೆ ಮುಖದ ಹಿಂದೆ ಮುಖ.
ಸಿಕ್ಕ ಕಣ್ಣಿಗೆಲ್ಲ ಚೌಕ ಎಳೆಯಬೇಕು.
ತೆರೆದ ಕಣ್ಣು. ಮುಚ್ಚಿದ ಕಣ್ಣು. ಕನ್ನಡಕದ ಹಿಂದಿನದು.
ಮೀನಿನದು ಲೆಕ್ಕಕ್ಕಿಲ್ಲ.
ಗೊಂಬೆಯದು ಅನುಮಾನ, ಹಳದಿ ಗುಂಡಿ ಒತ್ತಿ.
ಹೀಗೆ ಒಂದು ಯಂತ್ರ ನೋಡಲು ಕಲಿಯುತ್ತದಂತೆ.
ಅಜ್ಜ ಜೀವಮಾನವಿಡೀ ತೆರೆಸಿದ್ದು ನಲವತ್ತೊಂದು ಜೊತೆ.
ಮಂಗಳವಾರ ನಾನದನ್ನು
ಊಟದ ಗಂಟೆಗೆ ಮೊದಲೇ ದಾಟಿದೆ,
ಉಪ್ಪು ತಿಂದ ಬಾಯಲ್ಲಿ,
ನೇರ ಎದುರಿಗೆ ಕೂತು.

ತಿಂಗಳಿಗೊಮ್ಮೆ ಸಾಹೇಬ ಗೋಡೆಯ ಮೇಲೆ ಮೂಡುತ್ತಾನೆ,
ದೂರದ ಯಾವುದೋ ಹಗಲಿನಿಂದ.
ಬರುತ್ತದೆ, ಎನ್ನುತ್ತಾನೆ, ಎಲ್ಲ ಬಲ್ಲದ್ದು ಬರುತ್ತದೆ,
ರೋಗ ತೊಳೆಯುತ್ತದೆ, ಸಾವನ್ನೂ;
ಮುನಿದರೆ ಮಾತ್ರ ನಮ್ಮನ್ನು ಉಳಿಸುವುದಿಲ್ಲ.
ಅವನ ಕಣ್ಣಂಚು ಒದ್ದೆ.
"ಕಿಯಾಮತ್ ಕಣೇ ಇದು" ರಿಸ್ನಾ ಪಿಸುಗುಟ್ಟಿದಳು.
ಪ್ರಭು ಮತ್ತೆ ಬರುವ ದಿನ, ಅಂದಳು ನೆಗೊಂಬೊದ ದಿಲ್ರುಕ್ಷಿ.
ನಾನು ಮೈತ್ರೇಯ ಎಂದುಕೊಂಡಿದ್ದೆ.
ಸಂಬಳ ಕೊಡುವವನು ಯಾವ ಮತದವನೋ,
ಕಥೆ ಮಾತ್ರ ನಮ್ಮ ನಮ್ಮ ಮನೆಯದೇ.
ನಕ್ಕೆವು, ಪರದೆಯ ಕಡೆ ನೋಡದೆ.

ಆದರೆ ಅವನ ಮಾತಲ್ಲಿ ಮಡಕೆಯ ಸುದ್ದಿಯೇ ಇರಲಿಲ್ಲ.
ಇಷ್ಟು ಕಣ್ಣು ಒಟ್ಟಿಗೆ ತೆರೆದ ದಿನ
ಮೊದಲ ನೋಟ ಬೀಳುವುದು ಯಾರ ಮೇಲೆ?
ಮೀನು ಮಾರುವವಳ ಮೇಲೋ, ಬಸ್ಸಿಗೆ ಕಾಯುವ ಹುಡುಗನ ಮೇಲೋ,
ಗಡಿಯಲ್ಲಿ ಸಾಲು ನಿಂತವರ ಮೇಲೋ?

ಹಾಗಾಗಿ ಶುಕ್ರವಾರ ಪಾಳಿ ಮುಗಿದ ಮೇಲೆ
ಕಣ್ಣು ಮುಚ್ಚಿ, ಗೋಡೆ ಸವರುತ್ತ
ನಾಲ್ಕು ಮಹಡಿ ಇಳಿಯುತ್ತೇನೆ.
ಕೊನೆಯ ಮೆಟ್ಟಿಲ ಬಳಿ ಇಟ್ಟಿರುತ್ತೇನೆ
ಎಮ್ಮೆ ಮೊಸರು ತಿಂದು ತೊಳೆದ ಮಣ್ಣಿನ ಕುಡಿಕೆ,
ತುಂಬ ನಲ್ಲಿ ನೀರು.
ಕಣ್ಣು ಬಿಟ್ಟು ಅದನ್ನೇ ನೋಡಿ
ಕೊಡೆಯ ತುದಿಯಿಂದ ಕುಟ್ಟುತ್ತೇನೆ.
ಒಮ್ಮೊಮ್ಮೆ ಎರಡು ಏಟು ಬೇಕು.

ಕಾವಲುಗಾರ ವಿಮಲಸೇನ ಮೊದಲು ಬೈದ.
ಈಗ ಪೊರಕೆ ತಂದು ಚೂರು ಗುಡಿಸುತ್ತಾನೆ.
"ಮುಂದಿನ ವಾರವೂ ಇದೆಯೇನಮ್ಮ, ಕಣ್ಣು?"
ಇಲ್ಲ, ಕಣ್ಣು ಸಾಕಂತೆ. ಸೋಮವಾರದಿಂದ ಕಿವಿ.

ಅವನು ಪೊರಕೆಯನ್ನು ಗೋಡೆಗೆ ಒರಗಿಸಿದ,
ಸದ್ದಾಗದ ಹಾಗೆ.
ಮೇಲೆ ನೋಡಿದ. ಆಮೇಲೆ
ದನಿ ತಗ್ಗಿಸಿ ಕೇಳಿದ,
ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರಾ ಎಂದು.