ಎಷ್ಟು ಕಣ್ಣಿನದು

ಮನಾಮಾದಲ್ಲಿ, ಚಿನ್ನದಂಗಡಿಗಳ ಹಿಂದಿನ ಗಲ್ಲಿಯಲ್ಲಿ
ಭಟ್ಕಳದ ಮುಸದ್ದಿಕ್ ಮೂರು ಲ್ಯಾಪ್‌ಟಾಪ್ ಸಾಲಾಗಿಟ್ಟ,
ಮೂರೂ ಹದಿನೇಳು ಇಂಚು, ಮೂರೂ ಕಪ್ಪು.
ಮೀನುಪೇಟೆಯಲ್ಲಿ ಕಿವಿರು ಎತ್ತಿ ತೋರಿಸುವ ಹಾಗೆ
ಒಂದೊಂದರ ಮುಚ್ಚಳ ಎತ್ತಿದ.

"ಇದು ಹತ್ತೊಂಬತ್ತುನೂರ ಇಪ್ಪತ್ತು ಅಡ್ಡ, ಸಾವಿರದೆಂಬತ್ತು ಉದ್ದ.
ಇದು ಎರಡೂವರೆ ಸಾವಿರದ ಮೇಲೆ.
ಇದು ಅಕ್ಕಾ, ಫೋರ್‌ಕೆ. ಇದರ ಮುಂದೆ ಮಾತಿಲ್ಲ."
ಮಾತಿಲ್ಲ ಎಂದವನು ಹತ್ತು ನಿಮಿಷ ಮಾತಾಡಿದ.

ನಾನು ಕೇಳಿದ್ದು ಇಷ್ಟೇ: ಎಷ್ಟು ಕಣ್ಣಿನದು?

ಅವನಿಗೆ ಅರ್ಥವಾಗಲಿಲ್ಲ.
ಗಂಗೊಳ್ಳಿಯಲ್ಲಿ ಬಲೆಗೆ ನಾವು ಹಾಗೇ ಕೇಳುವುದು.
ದೊಡ್ಡಪ್ಪ ಬಿದಿರ ಸೀಳೊಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು
ಪ್ರತಿ ಗಂಟನ್ನೂ ಅದರ ಮೇಲೆ ಅಳೆಯುತ್ತಿದ್ದರು,
ಬಂಗುಡೆಗೆ ಒಂದು ಸೀಳು, ಬೂತಾಯಿಗೆ ಬೇರೆ.
ಕಣ್ಣು ಸಣ್ಣದಾದಷ್ಟೂ ಬಲೆ ಭಾರ,
ಎಳೆಯುವಾಗ ರಟ್ಟೆ ಕೇಳುತ್ತದೆ ಎನ್ನುತ್ತಿದ್ದರು,
ಬೇಡದ್ದೆಲ್ಲ ಬರುತ್ತದೆ, ಹೆಕ್ಕುತ್ತ ಕೂತರೆ
ಹೊತ್ತು ಮುಳುಗುತ್ತದೆ.

ನನ್ನದು ಅಬಾಯಾದ ಕಸೂತಿ.
ಹದಿಮೂರು ವರ್ಷ ಕೈಯಲ್ಲಿ. ಈಗ ಆರು ವರ್ಷದಿಂದ
ಹನ್ನೆರಡು ಸೂಜಿಯ ಯಂತ್ರಕ್ಕೆ ದಾರಿ ಬರೆದು ಕೊಡುತ್ತೇನೆ,
ಎಲ್ಲಿ ಚುಚ್ಚು, ಎಲ್ಲಿ ಹಾರು, ಎಲ್ಲಿ ನೂಲು ಕತ್ತರಿಸು.
ಕಪ್ಪಿನ ಮೇಲೆ ಕಪ್ಪು ನೂಲು.
ಸೂಜಿಗೂ ಕಣ್ಣು ಬೇಕು, ನನಗೂ.
ಸೂಜಿಯದು ಹಾಗೇ ಇದೆ.
ನನ್ನದಕ್ಕೆ ಒಂದೂವರೆ ದಿನಾರಿನ ಕನ್ನಡಕ,
ಕಾಲು ಸಡಿಲಾಗಿ ಅದಕ್ಕೂ ನೂಲು ಸುತ್ತಿದ್ದೇನೆ.

ಪೆನ್‌ಡ್ರೈವ್‌ನಿಂದ ಒಂದು ತೋಳು ತೆಗೆದು ಫೋರ್‌ಕೆಗೆ ಹಾಕಿದೆ.
ಅಬ್ಬಾ.
ನೂಲಿನ ಪಕ್ಕ ನೂಲು, ಒಂದಕ್ಕೊಂದು ಅಂಟದೆ,
ಮಲಗಿದ ಮಗುವಿನ ರೆಪ್ಪೆಯ ಹಾಗೆ ಎಣಿಸಬಹುದಿತ್ತು.
ಆದರೆ ಮೇಲಿನ ಗುಂಡಿಗಳ ಸಾಲು? ರಾಗಿಕಾಳು.
ಕತ್ತರಿ ಯಾವುದು, ಸೂಜಿ ಯಾವುದು,
ಮೂಗು ತಾಗುವವರೆಗೆ ಬಾಗಿದೆ.
"ದೊಡ್ಡದು ಮಾಡಬಹುದು ಅಕ್ಕಾ," ನೂರೈವತ್ತು ಒತ್ತಿದ, ಇನ್ನೂರು ಒತ್ತಿದ.
ಬೇರೆ ಅಕ್ಷರಗಳೆಲ್ಲ ಹೊಟ್ಟೆ ತುಂಬ ಉಂಡ ಹಾಗೆ ದುಂಡಗಾದವು,
ನನ್ನ ಹಳೆಯ ಕಸೂತಿ ಪ್ರೋಗ್ರಾಂ ಮಾತ್ರ
ಯಾರ ಮಾತೂ ಕೇಳದೆ ರಾಗಿಯಾಗಿಯೇ ಉಳಿಯಿತು.

ಆಗ ಕಂಡಿತು.
ಮಣಿಕಟ್ಟಿನ ಹತ್ತಿರ, ಮೂರನೇ ಎಲೆಯ ತುದಿಯಲ್ಲಿ,
ಒಂದೇ ಒಂದು ಹೊಲಿಗೆ ಸೊಟ್ಟ.
ನಾಲ್ಕು ವರ್ಷ. ಇನ್ನೂರು ಚಿಲ್ಲರೆ ತೋಳು.
ಮದುವೆಗೆ ಹೋಗಿವೆ, ಉಮ್ರಾಕ್ಕೆ ಹೋಗಿವೆ,
ಮುಹರ್ರಕ್‌ನ ಮನೆಗಳಲ್ಲಿ ಗಹ್ವಾದ ಬಟ್ಟಲು ಹಿಡಿದಿವೆ,
ನನ್ನ ಸೊಟ್ಟವನ್ನು ಹೊತ್ತುಕೊಂಡು.
ಮುಸದ್ದಿಕ್‌ಗೆ ತೋರಿಸಿದೆ. "ಎಲ್ಲಿ?" ಎಂದ.
ಅವನಿಗೆ ಇಪ್ಪತ್ತಾರು. ಕಣ್ಣಿನ ತಪ್ಪಲ್ಲ.

ಮೊದಲನೆಯದರಲ್ಲಿ ಹಾಕಿ ನೋಡಿದೆ: ಇಲ್ಲವೇ ಇಲ್ಲ.
ಎಲೆಯ ಅಂಚೇ ಮೆಟ್ಟಿಲು ಮೆಟ್ಟಿಲು,
ಅದರಲ್ಲಿ ಯಾವುದು ಸೊಟ್ಟ, ಯಾವುದು ನೆಟ್ಟಗೆ?
ನೂರ ತೊಂಬತ್ತು ದಿನಾರು,
ನೆಮ್ಮದಿ ಅದರ ಜೊತೆಗೇ ಉಚಿತ.

ಎಸಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು.
ಹೊರಗೆ ಬಾಂಗ್ ಮುಗಿದು, ಶಟರುಗಳು ಅರ್ಧ ಇಳಿದಿದ್ದವು.
ಕಿರುಬೆರಳ ಉಗುರನ್ನು ಪರದೆಗೆ ಹಿಡಿದೆ,
ದೊಡ್ಡಪ್ಪನ ಸೀಳಿನ ಹಾಗೆ.
ಯಂತ್ರದ ಸೂಜಿ ಎಷ್ಟು ಸಣ್ಣ ಹೆಜ್ಜೆ ಇಟ್ಟೀತು, ನನಗೆ ಗೊತ್ತು.
ಅದಕ್ಕಿಂತ ಸಣ್ಣದು ಕಂಡರೂ
ಯಾರಿಗೆ ಹೇಳಲಿ?

"ನಡುವಿನದು ಕೊಡು."
"ಯೋಚಿಸಿ ಅಕ್ಕಾ, ಅರುವತ್ತು ದಿನಾರು ಅಷ್ಟೇ ಹೆಚ್ಚು."
"ರಟ್ಟೆ ಕೇಳುತ್ತದೆ."
ಅದೂ ಅರ್ಥವಾಗಲಿಲ್ಲ ಅವನಿಗೆ.
ಮೌಸ್ ಒಂದು ಸುಮ್ಮನೆ ಕೊಟ್ಟ.

ರಾತ್ರಿ ಗುದೈಬಿಯಾದ ಕೋಣೆಯಲ್ಲಿ, ಮಾರಿಸೆಲ್ ಮಲಗಿದ ಮೇಲೆ,
ದೀಪ ಆರಿಸಿ ತೋಳು ತೆರೆದೆ.
ಒರಗಿದರೆ ಕಾಣುವುದಿಲ್ಲ. ಬಾಗಿದರೆ ಕಾಣುತ್ತದೆ.
ಬಾಗಿದೆ.
ನೆಟ್ಟಗೆ ಮಾಡಿದೆ, ಎರಡು ನಿಮಿಷದ ಕೆಲಸ,
ಬೇರೆ ಹೆಸರಿನಲ್ಲಿ ಉಳಿಸಿದೆ.

ಹನ್ನೊಂದೂ ಕಾಲಿಗೆ ಫೋನಿನಲ್ಲಿ ಉಮ್ ರಾಶಿದ್ ಅವರ ಧ್ವನಿ:
ತಂಗಿಯ ಮಗಳಿಗೂ ಒಂದು ಬೇಕಂತೆ, ಅದೇ ತೋಳು,
ಹೋದ ಸಲದ್ದೇ,
ಒಂದು ಹೊಲಿಗೆಯೂ ಆಚೀಚೆ ಆಗಬಾರದಂತೆ.

ಕೇಳಿದೆ. ಇನ್ನೊಮ್ಮೆ ಕೇಳಿದೆ.
ಹಳೆಯದನ್ನು ಅಳಿಸಿರಲಿಲ್ಲ, ಪುಣ್ಯ.