ಸುಂಕದವನ ಮುಂದೆ

ಮೊದಲು ಇಬ್ಬರನ್ನೂ ಕವಲೇದುರ್ಗ ಹತ್ತಿಸಿದೆ.
ಕಥೆಗೆ ಮುನ್ನೂರೈವತ್ತು ವರ್ಷ ವಯಸ್ಸು,
ಅಷ್ಟು ಹಳೆಯ ಪ್ರೀತಿಗೆ ಒಂದು ಕೋಟೆಯಾದರೂ ಬೇಡವೆ?
ಏಳು ಬಾಗಿಲು ಎಂದು ಬರೆದುಕೊಂಡೆ. ಮೂರಕ್ಕೇ
ಬೊಮ್ಮರಸ ಏದುಸಿರು ಬಿಡುತ್ತಾ ಕಲ್ಲಿನ ಮೇಲೆ ಕೂತ.
ದುಗ್ಗಿ ಅಂಗಾಲಿನ ಮುಳ್ಳು ಕೀಳುತ್ತಾ
‘ಇಲ್ಲಿ ನಮಗೇನು ಕೆಲಸ?’ ಅಂದಳು.
ನನ್ನಲ್ಲಿ ಉತ್ತರವಿರಲಿಲ್ಲ. ಅರಮನೆಯ ಅಡಿಗೆಮನೆಯಲ್ಲಿ
ಕಲ್ಲಿನ ಒಲೆ ಇದೆ, ಬೂದಿ ಇಲ್ಲ.

ಬೆಳಗಿನ ಬಸ್ಸಿಗೆ ನಗರಕ್ಕೆ ಕರೆದೊಯ್ದೆ.
ದೇವಗಂಗೆಯ ಕೊಳದ ಮೆಟ್ಟಿಲ ಮೇಲೆ ನಿಲ್ಲಿಸಿದೆ,
ನಡುವೆ ಒಂದು ತಾವರೆ.
ಚೆನ್ನಾಗಿಯೇ ಕಂಡರು. ಸೊಸೈಟಿಯವರು ಹಂಚುವ
ಕ್ಯಾಲೆಂಡರಿನಲ್ಲಿ ಕಂಡ ಹಾಗೆ.
ಎರಡು ದಿನ ಕಾದೆ, ಮಾತಾಡಲಿಲ್ಲ.
ಮೂರನೆಯ ದಿನ ತಾವರೆಯ ಮೇಲೆ ಗೀಟೆಳೆದೆ.
ಇಕ್ಕೇರಿಯಲ್ಲಿ ಕಂಬದ ಮರೆಗೆ ನಿಲ್ಲಿಸಿ ನೋಡಿದೆ.
ಕಂಬ ಚಂದ, ಕೆತ್ತನೆ ಚಂದ,
ಇವರು ಮಾತ್ರ ಚಪ್ಪಲಿ ಹೊರಗೆ ಬಿಟ್ಟು ಬಂದ
ಪ್ರವಾಸಿಗಳಂತೆ ಗಡಿಯಾರ ನೋಡಿಕೊಳ್ಳುತ್ತಿದ್ದರು,
ಅವರ ಕಾಲದಲ್ಲಿ ಇಲ್ಲದ ಗಡಿಯಾರ.

ಸಂಜೆ ಹಾಲು ತಂದ ನಾಗವೇಣಿ
ಸೊಸೆಯ ಪುರಾಣ ಹೇಳುತ್ತಿದ್ದಳು.
ನಾನು ಹೂಂ ಅನ್ನುತ್ತಾ ಇನ್ನೆಲ್ಲೋ ಇದ್ದೆ.
‘ನಿಮ್ಮ ಹತ್ತಿರ ಹೇಳೋದೂ ಒಂದೇ,
ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳೋದೂ ಒಂದೇ’
ಎಂದು ಬೈದು, ಚೊಂಬು ಎತ್ತಿಕೊಂಡು ಹೋದಳು.
ಹಾಲು ಉಕ್ಕಿತು. ಒಲೆ ಆರಿತು.
ನಾನು ಸೌಟು ಹಿಡಿದು ನಿಂತೇ ಇದ್ದೆ.

ಸುಂಕದವನ ಮುಂದೆ.

ಘಟ್ಟದ ತಲೆಯ ಮೇಲಿನ ಸುಂಕದ ಕಟ್ಟೆ.
ಕೆಳಗಿನಿಂದ ಉಪ್ಪು ಹೊತ್ತ ಹೇರೆತ್ತು ಬರುವ ದಾರಿ.
ಹುಲಿಕಲ್ಲಿನ ಮಂಜು ಮೂಟೆಯೊಳಕ್ಕೆ ಇಳಿದು
ಸಮುದ್ರದ ಬಳಿ ಹತ್ತು ಮಣ ತೂಗಿದ ಉಪ್ಪು
ಇಲ್ಲಿ ಹನ್ನೊಂದು ತೂಗುತ್ತದೆ.
ಆ ಹೆಚ್ಚಿನ ಮಣಕ್ಕೆ, ಬರಿಯ ಮಂಜಿಗೆ,
ಸುಂಕ ಕಟ್ಟಲಾರೆ ಅನ್ನುತ್ತಾಳೆ ದುಗ್ಗಿ.
ತಕ್ಕಡಿ ಹೇಳಿದ್ದನ್ನಲ್ಲದೆ ಬರೆಯಲಾರೆ ಅನ್ನುತ್ತಾನೆ ಬೊಮ್ಮರಸ.
ಇಬ್ಬರೂ ಸರಿ.
ಹಾಗಾದರೆ ಒಣಗಲಿ, ಆಮೇಲೆ ತೂಗೋಣ.
ಒಲೆಯ ಸುತ್ತ ಮೂಟೆ ಬಿಚ್ಚಿ ಹರಡುತ್ತಾರೆ.
ಎತ್ತುಗಳ ಬೆನ್ನಿಗೆ ಬಿಡುವು. ಒಂದು ರಾತ್ರಿ. ಎರಡು ರಾತ್ರಿ.
ಹೊರಗೆ ಮಂಜು ಸರಿಯುವ ಲಕ್ಷಣವೇ ಇಲ್ಲ.

ನಾನಿನ್ನೂ ಏನೂ ಮಾಡಿಲ್ಲ, ಅಷ್ಟರಲ್ಲೇ
ಅವಳು ಹೇಳತೊಡಗಿದ್ದಾಳೆ:
ಗಂಡ ದೋಣಿಯೊಂದಿಗೆ ಹೋದದ್ದು,
ಎತ್ತುಗಳು ಮಾತ್ರ ಉಳಿದದ್ದು,
ಅದರಲ್ಲಿ ಬಿಳಿಯದು ಇಳಿಜಾರಿನಲ್ಲಿ ಅಳುತ್ತದೆಂಬುದು.
ಅವನು ಕಡತ ಮಡಚಿ ಬಳಪ ಕೆಳಗಿಡುತ್ತಾನೆ.

ಇದೆಲ್ಲ ನನಗೆ ಹೇಗೆ ಗೊತ್ತು ಅಂದರೆ
ಇಪ್ಪತ್ತೆರಡು ವರ್ಷ ನಾನು ಅಂಥದೇ ತಿರುವಿನಲ್ಲಿದ್ದೆ,
ತೆರಿಗೆ ಇಲಾಖೆಯ ತಗಡಿನ ಚೆಕ್‌ಪೋಸ್ಟಿನಲ್ಲಿ.
ಕಿಟಕಿ ಎಷ್ಟು ಚಿಕ್ಕದೆಂದರೆ ಕೈ ಮಾತ್ರ ಕಾಣುತ್ತಿತ್ತು.
ಹೆಂಚಿನ ಲಾರಿಯ ಲಾದ್ರುವಿನದು ಎಡಗೈ,
ಹೆಬ್ಬೆರಳಿಗೆ ಉಗುರಿಲ್ಲ.
ಗುರುವಾರ ಗುರುವಾರ ಬಿಲ್ಲು ಚಾಚುತ್ತಿತ್ತು.
ಒಂದು ಗುರುವಾರ ಸೀಲು ಒತ್ತಿ ಕಾಗದ ಹಿಂದಿರುಗಿಸಿದ ಮೇಲೂ
ಆ ಕೈ ಕಿಟಕಿಯ ಅಂಚಿನ ಮೇಲೇ ಇತ್ತು.
‘ಎಲ್ಲಾ ಸರಿ ಇದೆಯಲ್ಲ, ಇನ್ನೇನು?’ ಅಂದೆ.
‘ಏನಿಲ್ಲ ಮೇಡಂ’ ಅಂದ.
ಹಿಂದೆ ಮೂರು ಲಾರಿಗಳು ಹಾರನ್ನು ಹೊಡೆಯುತ್ತಿದ್ದವು.

ಈಗ ಚೆಕ್‌ಪೋಸ್ಟ್ ಇಲ್ಲ.
ಅಡ್ಡ ಹಾಕುತ್ತಿದ್ದ ಕೆಂಪು ಬಿಳಿ ಕಂಬ ಗುಜರಿಗೆ ಹೋಯಿತು.
ಕೋಟೆಯಾಗಿದ್ದರೆ ಒಂದು ಫಲಕವಾದರೂ ಇರುತ್ತಿತ್ತು.

ನಿನ್ನೆ ಬರೆದದ್ದನ್ನು ಬೆಳಿಗ್ಗೆ ಓದಿ ನೋಡಿದೆ.
ಐದನೆಯ ರಾತ್ರಿ. ಉಪ್ಪು ಎಂದೋ ಒಣಗಿದೆ,
ಇಬ್ಬರಿಗೂ ಗೊತ್ತು.
ತಕ್ಕಡಿಯ ಹತ್ತಿರ ಯಾರೂ ಹೋಗುತ್ತಿಲ್ಲ.