ಐಸ್‌ಪೈಸ್

ಗಾಜನೂರಿನ ಹಿನ್ನೀರ ದಂಡೆಗೆ ನಮ್ಮವು ಏಳು ಗುಡಿಸಲು.
ಏಳಕ್ಕೂ ಸೇರಿ ಐಸ್‌ಪೈಸ್ ಆಡಲು ಒಂದೇ ಕಲ್ಲು,
ಡ್ಯಾಮಿನವರು ನೆಟ್ಟು ಮರೆತದ್ದು.
ಅದಕ್ಕೆ ಹಣೆಯಿಟ್ಟು ತಮ್ಮ ಮೈಲಾರಿ
ನೂರು ಬಾರದೆ
ಹತ್ತನ್ನೇ ಮತ್ತೆ ಮತ್ತೆ ಎಣಿಸುತ್ತಿದ್ದ.

ಹಗಲಲ್ಲಿ ಮಿಂಚುಳ್ಳಿಯ ಕಣ್ಣು ಅವನದು.
ಬಲೆಯ ಬೆಂಡು ಅಲುಗಿದರೆ
ಅಪ್ಪನಿಗಿಂತ ಮೊದಲು ಕೂಗುವನು.
ಆ ಬೇಸಿಗೆ ದಡಾರ ಬಂತು, ಬೆನ್ನಿಗೇ ಭೇದಿ.
ಜೀವ ಉಳಿಯಿತು, ಅಷ್ಟು ಸಾಕು ಎಂದರು ಎಲ್ಲ.
ಆಮೇಲೆ ಹೊತ್ತು ಮುಳುಗಿತೆಂದರೆ
ಹುಡುಗ ಮೆಲ್ಲಗಾದ.
ಒಲೆಯ ಬಳಿ ಕೂತವನು ಏಳುತ್ತಿರಲಿಲ್ಲ,
ತಟ್ಟೆಯಲ್ಲಿ ಅನ್ನ ಎಲ್ಲಿದೆಯೆಂದು
ಬೆರಳನ್ನೇ ಕೇಳುತ್ತಿದ್ದ.
ನೀರಿನ ಚೊಂಬು ಒದ್ದ ದಿನ ಅವ್ವ ಬೆನ್ನಿಗೆ ಕೊಟ್ಟಳು:
"ಕಣ್ಣೇನು ನೆತ್ತಿ ಮೇಲಿದಾವೇನೋ?"

ನನಗೆ ಗೊತ್ತಿತ್ತು.
ಮಬ್ಬಿನಲ್ಲಿ ಎದುರೇ ನಿಂತರೂ
ಅವನ ನೋಟ ನನ್ನನ್ನು ಹಾದು
ಹಿಂದಿನ ಲಂಟಾನದ ಪೊದೆಗೆ ಹೋಗುತ್ತಿತ್ತು.
ಅಡಗುವ ಕಷ್ಟವೇ ಇಲ್ಲ.
ಉಸಿರು ಹಿಡಿದು ಮೂರು ಹೆಜ್ಜೆ, ಬೆನ್ನ ಮೇಲೆ
ಧಪ್ಪಾ!
ಮತ್ತೆ ಅವನೇ ಕಳ್ಳ.
ಒಂದು ತಿಂಗಳು ಪೂರಾ ಅವನೇ ಕಳ್ಳ.
ನನಗೆ ಎಂಟು ವರ್ಷ. ಗೆಲ್ಲುತ್ತಿದ್ದೆ.

ಜಸಿಂತಾ ನರ್ಸಮ್ಮ ಲಸಿಕೆಯ ಪೆಟ್ಟಿಗೆ ಹೊತ್ತು ಬಂದವಳು
ಅವನ ರೆಪ್ಪೆ ಎತ್ತಿ ನೋಡಿದಳು.
ಬಿಳಿಗುಡ್ಡೆಯ ಅಂಚಿಗೆ
ಸೋಪಿನ ನೊರೆ ಒಣಗಿದಂಥ ಚುಕ್ಕೆ.
"ಯಾವಾಗಿಂದ ಇರುಳುಗಣ್ಣು?"
ಅವ್ವ ನನ್ನ ಮುಖ ನೋಡಿದಳು,
ನಾನು ನನ್ನ ಕಾಲ್ಬೆರಳು.

ಹಳದಿ ಮದ್ದು, ಎಣ್ಣೆಯಂಥದ್ದು, ಅಳತೆಯ ಚಮಚದಲ್ಲಿ.
ಇವತ್ತೊಂದು, ನಾಳೆಯೊಂದು,
ತಿಂಗಳೊಳಗೆ ಮತ್ತೊಂದು, ಅಷ್ಟೇ;
ಚೆನ್ನಾಗಿದೆಯೆಂದು ಜಾಸ್ತಿ ಕುಡಿಸಿದರೆ
ಇದೇ ವಿಷ ಎಂದಳು.

"ಏನುಣ್ತೀರಿ?"
"ಅನ್ನ. ಹುಣಸೆ ಸಾರು."
"ಮೀನು?"
"ಅದು ಮಾರೋಕೆ."
"ಸಣ್ಣವು?"
"ತಲೆ ಕಿತ್ತು ಹುರೀತೀವಿ. ತಲೆ, ಈಲಿ ಎಲ್ಲ ಕಾಗೆಗೆ."
ನರ್ಸಮ್ಮ ಸೆರಗಲ್ಲಿ ಬೆವರೊರೆಸಿ ಹೇಳಿದಳು:
"ನಿಮ್ಮೂರ ಕಾಗೆಗಳಿಗೆ
ರಾತ್ರಿನೂ ಕಣ್ಣು ಕಾಣುತ್ತೇನೋ ಮಾರಾಯ್ತಿ!"

ಬಲೆ ಒಣಹಾಕುವ ನುಗ್ಗೆಮರ ತೋರಿಸಿದಳು.
"ಇದರ ಸೊಪ್ಪು ತರೀರಿ. ತಿಪ್ಪೆ ಮೇಲಿನ ಚೀನಿಕಾಯಿ ಬೇಯಿಸಿ.
ಚೂರು ಎಣ್ಣೆ ಮಾತ್ರ ಬೀಳಲೇಬೇಕು,
ಇಲ್ಲಾಂದ್ರೆ ಮೈಗೆ ಹತ್ತಲ್ಲ, ಬಂದ ದಾರೀಲೇ ಹೋಗುತ್ತೆ."
ವಾರಕ್ಕೊಂದು ಪಾವು ಎಣ್ಣೆಯ ಮನೆ ನಮ್ಮದು.
ಸೊಪ್ಪಿನ ಮೇಲೆ ಶೀಶೆ ಬಗ್ಗಿಸುವಾಗ
ಅವ್ವನ ಕೈ ಅವತ್ತು ನಡುಗಿತು.

ತಲೆಸಹಿತ ಹುರಿದ ಮೀನು ಹಿಡಿದು ಮೈಲಾರಿ
"ಅವ್ವಾ, ಇದು ನನ್ನೇ ನೋಡ್ತಿದೆ" ಎಂದ.
"ನೋಡಲಿ. ತಿಂದ ಮೇಲೆ ನೀ ನೋಡು."

ಮೂರನೆಯ ಸಂಜೆಯೋ ನಾಲ್ಕನೆಯದೋ.
ನಾನು ಎಂದಿನ ಜಾಗದಲ್ಲೇ ನಿಂತೆ, ಉಸಿರು ಹಿಡಿದು.
ಯಾಕೆ ಅಡಗಲಿಲ್ಲ, ಗೊತ್ತಿಲ್ಲ.
ಹತ್ತು, ಹತ್ತು, ಹತ್ತು ಎಣಿಸಿ ತಿರುಗಿದ.
ಲಂಟಾನದ ತನಕ ಹೋದ ನೋಟ
ಹಿಂದಿರುಗಿ ಬಂತು,
ನನ್ನ ಮೂಗಿನ ಮೇಲೆ ನಿಂತಿತು.
"ಐಸ್‌ಪೈಸ್ ಚೌಡಕ್ಕ!"

ಕಲ್ಲು ಮುಟ್ಟಿ ಬಂದು ಮೆಲ್ಲಗೆ ಕೇಳಿದ:
"ದಿನಾ ಇಷ್ಟು ಹತ್ರಾನೇ ನಿಲ್ತಿದ್ಯಾ, ಅಕ್ಕಾ?"

ಈಗ ಇಪ್ಪತ್ತಾರು ವರ್ಷ.
ಸೊಪ್ಪಿಗೆ ಎಣ್ಣೆ ಬಿಡುವಾಗ
ನನ್ನ ಕೈ ಒಂದು ಹನಿ ಹೆಚ್ಚೇ ಬಿಡುತ್ತದೆ.
ಅವನಿಗೆ ಇನ್ನೂ ಉತ್ತರ ಕೊಟ್ಟಿಲ್ಲ.